ಅರ್ಧ ಮಿಡಿತದ ಪಾಲು

ಹಳೆಯ ಕಂಪ್ಯೂಟರುಗಳಲ್ಲಿ ಮೆಮರಿ ತೀರ ಕಡಿಮೆ ಇತ್ತೆಂಬುದು ಈಗಿನ ಶಾಲಾಮಕ್ಕಳಿಗೂ ತಿಳಿದ ಮಾತು. ಆದರೆ ಅಷ್ಟೇ ಅಷ್ಟು ಮೆಮರಿಯಲ್ಲಿ ಪರದೆಯ ಚಿತ್ರ, ಓಡುತ್ತಿರುವ ಪ್ರೋಗ್ರಾಂ, ಬಳಸುವವರು ತುಂಬಿದ ಮಾಹಿತಿ ಇವೆಲ್ಲ ಹೇಗೆ ಹಿಡಿಸುತ್ತಿದ್ದವು, ಹಿಡಿಸಿದ ಮೇಲೂ ಒಂದು ಇನ್ನೊಂದಕ್ಕೆ ಅಡ್ಡ ಬರದಂತೆ ಹೇಗೆ ನಡೆಯುತ್ತಿದ್ದವು ಎಂದು ಕೇಳಿದರೆ ಉತ್ತರ ಥಟ್ಟನೆ ಹೊಳೆಯುವುದಿಲ್ಲ. ಈ ಒಗಟನ್ನು ಬಿಡಿಸಲು ಹತ್ತಾರು ಯಂತ್ರಗಳ ಹೆಸರು ಹೇಳುವುದಕ್ಕಿಂತ ಒಂದೇ ಯಂತ್ರದ ಮುಚ್ಚಳ ತೆಗೆದು ನೋಡುವುದು ಲೇಸು. ಅದಕ್ಕೆ ತಕ್ಕ ಯಂತ್ರ 1981ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದು, ಮೂರೇ ವರ್ಷದಲ್ಲಿ ಭಾರತದ ಶಾಲೆಗಳಿಗೂ ಕಾಲಿಟ್ಟ ಬಿಬಿಸಿ ಮೈಕ್ರೋ.

ಇದರ ‘ಮಾಡೆಲ್ ಬಿ’ ಎಂಬ ಮಾದರಿಯಲ್ಲಿ ಬರೆದು ಅಳಿಸಬಹುದಾದ ಮೆಮರಿ ಒಟ್ಟು 32 ಕಿಲೋಬೈಟ್. ಇಂಗ್ಲಿಷಿನ ಒಂದು ಅಕ್ಷರವನ್ನು ಗುರುತಿಸಿಡಲು ಒಂದು ಬೈಟ್ ಬೇಕಾದ್ದರಿಂದ, ಅಚ್ಚಾದ ಪುಸ್ತಕದ ಹದಿನೈದು ಇಪ್ಪತ್ತು ಪುಟಗಳಿಗೆ ಈ ಮೆಮರಿ ತುಂಬಿಹೋಗುತ್ತದೆ. ಪರದೆಯ ಮೇಲೆ ಈ ಯಂತ್ರ ಅಡ್ಡಕ್ಕೆ 640, ಮೇಲಿನಿಂದ ಕೆಳಕ್ಕೆ 256, ಒಟ್ಟು 1,63,840 ಚುಕ್ಕಿಗಳನ್ನು ಮೂಡಿಸಬಲ್ಲದು. ಒಂದೊಂದು ಚುಕ್ಕಿಯೂ ಬೆಳಗಬೇಕೇ ಬೇಡವೇ ಎಂಬುದನ್ನು ನೆನಪಿಡಲು ಒಂದು ಬಿಟ್, ಅಂದರೆ ಬೈಟಿನ ಎಂಟನೆಯ ಒಂದು ಭಾಗ, ಬೇಕಾಗುತ್ತದೆ. ಹೀಗೆ ಲೆಕ್ಕ ಹಾಕಿದರೆ ಚಿತ್ರವೊಂದೇ 20 ಕಿಲೋಬೈಟನ್ನು ನುಂಗಿಬಿಡುತ್ತದೆ. ಉಳಿದ 12ರಲ್ಲಿ ಯಂತ್ರದ ಆಡಳಿತಕ್ಕೆ ಮೂರೂವರೆ ಕಿಲೋಬೈಟ್ ಹೋಗಿ, ಪ್ರೋಗ್ರಾಂ ಬರೆಯುವವರ ಕೈಗೆ ಸಿಗುವುದು ಎಂಟೂವರೆ ಮಾತ್ರ.

ಜಾಗದ ಇಕ್ಕಟ್ಟು ಒಗಟಿನ ಅರ್ಧ ಭಾಗ. ಇನ್ನೊಂದು ಅರ್ಧ ಸಮಯದ್ದು, ಮತ್ತು ಅದೇ ಹೆಚ್ಚು ಕಠಿಣವಾದದ್ದು. ಪರದೆಗೆ ಚಿತ್ರ ಕಳಿಸುವ ಭಾಗವೂ ಲೆಕ್ಕ ಮಾಡುವ ಪ್ರೊಸೆಸರೂ ಒಂದೇ ಮೆಮರಿಯನ್ನು ಓದಬೇಕು. ಒಂದು ಗಳಿಗೆಯಲ್ಲಿ ಒಬ್ಬರಿಗೆ ಮಾತ್ರ ಅದು ತೆರೆದಿರುತ್ತದೆ.

ಪರದೆ ಎಂಬ ಮಗ್ಗ

ಬಾಗಲಕೋಟೆಯಿಂದ ಹುನಗುಂದದತ್ತ ಸಾಗುವ ದಾರಿಯಲ್ಲಿರುವ ಕಮತಗಿ, ಅಮೀನಗಡ, ಅದರಾಚೆಯ ಇಳಕಲ್ಲ, ಮಲಪ್ರಭೆಯ ಆ ಬದಿಯ ಗುಳೇದಗುಡ್ಡ ಇವೆಲ್ಲ ಮಗ್ಗದ ಊರುಗಳಾಗಿರುವುದರಿಂದ, ಹಳೆಯ ಟೆಲಿವಿಷನ್ ಪರದೆ ಚಿತ್ರ ಮೂಡಿಸುವ ಬಗೆಯನ್ನು ಇಲ್ಲಿಯ ಓದುಗರಿಗೆ ತಿಳಿಸಲು ಬೇರೆ ಹೋಲಿಕೆ ಹುಡುಕಬೇಕಾಗಿಲ್ಲ. ಕುಣಿಮಗ್ಗದ ಮೇಲೆ ಹಾಸಿನ ಎಳೆಗಳು ಉದ್ದಕ್ಕೆ ಬಿಗಿದು ನಿಂತಿರುತ್ತವೆ. ಲಾಳಿ ಹೊಕ್ಕಿನ ಎಳೆಯನ್ನು ಹೊತ್ತು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುತ್ತದೆ. ಆ ಓಟದಲ್ಲಿ ಯಾವ ಹಾಸಿನ ಎಳೆ ಮೇಲೆದ್ದಿದೆ, ಯಾವುದು ಕೆಳಗಿದೆ ಎಂಬುದರ ಮೇಲೆ ಬಟ್ಟೆಯ ಆ ಬಿಂದುವಿನಲ್ಲಿ ಕಾಣುವ ಬಣ್ಣ ನಿರ್ಧಾರವಾಗುತ್ತದೆ. ದಡಿಯ ಹೂವಾಗಲಿ ಸೆರಗಿನ ತೆನಿಯಾಗಲಿ ಒಮ್ಮೆಗೇ ಮೂಡುವುದಿಲ್ಲ, ಗೆರೆಯ ಮೇಲೆ ಗೆರೆ ಕೂಡುತ್ತ ಬೆಳೆಯುತ್ತದೆ.

ಗಾಜಿನ ಪಿಕ್ಚರ್ ಟ್ಯೂಬಿನ ಹಿಂಬದಿಯಿಂದ ಹೊಮ್ಮುವ ಎಲೆಕ್ಟ್ರಾನುಗಳ ಕಿರಣ ಹಾಗೆಯೇ ಪರದೆಯ ಎಡದಿಂದ ಬಲಕ್ಕೆ ಓಡಿ, ಸರಕ್ಕನೆ ಎಡಕ್ಕೆ ಮರಳಿ, ಒಂದು ಗೆರೆಯಷ್ಟು ಕೆಳಗಿಳಿದು ಮತ್ತೆ ಓಡುತ್ತದೆ. ಓಡುವಾಗ ಕಿರಣವನ್ನು ಹೆಚ್ಚಿಸಿದಲ್ಲಿ ಪರದೆಯ ಲೇಪ ಬೆಳಗುತ್ತದೆ, ತಗ್ಗಿಸಿದಲ್ಲಿ ಕಪ್ಪಾಗಿಯೇ ಉಳಿಯುತ್ತದೆ. ಬಟ್ಟೆಗೂ ಪರದೆಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ನೇಯ್ದ ಬಟ್ಟೆ ಉಳಿಯುತ್ತದೆ, ಪರದೆಯ ಬೆಳಕು ಕ್ಷಣದಲ್ಲೇ ನಂದುತ್ತದೆ. ಆದ್ದರಿಂದ ಅದೇ ಚಿತ್ರವನ್ನು ಸೆಕೆಂಡಿಗೆ 50 ಸಲ ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಹೊಸದಾಗಿ ನೇಯುತ್ತಲೇ ಇರಬೇಕು. ಮುಂದೆ ಕುಳಿತವರು ಏನೂ ಮಾಡದೆ ಪರದೆಯನ್ನು ನೋಡುತ್ತಿದ್ದರೂ ಈ ಕೆಲಸಕ್ಕೆ ಬಿಡುವಿಲ್ಲ.

ಒಂದು ಗೆರೆಗೆ ಸಿಗುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 64 ಭಾಗ. ಇದರಲ್ಲಿ ಅಂಚುಗಳನ್ನೂ ಕಿರಣ ಮರಳುವ ಹೊತ್ತನ್ನೂ ಕಳೆದರೆ 640 ಚುಕ್ಕಿಗಳಿಗೆ ಉಳಿಯುವುದು 40 ಭಾಗ. ಅಷ್ಟರೊಳಗೆ ಮೆಮರಿಯಿಂದ 80 ಬೈಟುಗಳು ಸರದಿಯಂತೆ ಬಂದು ತಲುಪಬೇಕು. ಒಂದು ಬೈಟ್ ತಡವಾದರೂ ಕಿರಣ ಕಾಯುವುದಿಲ್ಲ, ಚಿತ್ರದಲ್ಲಿ ಅಲ್ಲೊಂದು ಎಳೆ ತಪ್ಪಿರುತ್ತದೆ.

ಕೇಂಬ್ರಿಜ್‌ನ ಒಂದು ವಾರ

ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ಸಾಮಾನ್ಯ ಜನರಿಗೆ ಕಂಪ್ಯೂಟರ್ ಕಲಿಸುವ ಟೆಲಿವಿಷನ್ ಸರಣಿಯೊಂದನ್ನು ಯೋಜಿಸಿದಾಗ, ಪಾಠದ ಜೊತೆಗೆ ನೋಡುಗರು ಮನೆಯಲ್ಲಿ ಕೈಯಾಡಿಸಲು ಒಂದು ಯಂತ್ರವೂ ಇರಬೇಕೆಂದು ಬಯಸಿತು. ಮೊದಲು ಆರಿಸಿದ್ದ ನ್ಯೂಬ್ರೇನ್ ಎಂಬ ಯಂತ್ರ ಹೊತ್ತಿಗೆ ಸಿದ್ಧವಾಗುವ ಲಕ್ಷಣ ಕಾಣದೆ ಹೋದಾಗ, 1981ರ ಆರಂಭದಲ್ಲಿ ಬಿಬಿಸಿಯವರು ಬೇರೆ ಕಂಪನಿಗಳತ್ತ ತಿರುಗಿದರು. ಅವುಗಳಲ್ಲಿ ಒಂದು, ಕ್ರಿಸ್ ಕರಿ ಮತ್ತು ಹರ್ಮನ್ ಹೌಸರ್ ಕೇಂಬ್ರಿಜ್‌ನಲ್ಲಿ ಕಟ್ಟಿದ್ದ ಆಕಾರ್ನ್. ಬಿಬಿಸಿ ಕೇಳಿದಂಥ ಯಂತ್ರದ ಯೋಜನೆ ಅವರ ಬಳಿ ಕಾಗದದ ಮೇಲಿತ್ತೇ ಹೊರತು ತೋರಿಸಲು ಯಂತ್ರವಿರಲಿಲ್ಲ.

ಹೌಸರ್ ತನ್ನ ಇಬ್ಬರು ಎಂಜಿನಿಯರುಗಳನ್ನು ಬೇರೆಬೇರೆಯಾಗಿ ಕಂಡು, ವಾರದೊಳಗೆ ಇದು ಆಗುವ ಕೆಲಸವೆಂದು ಇನ್ನೊಬ್ಬರು ಆಗಲೇ ಒಪ್ಪಿದ್ದಾರೆಂದು ಇಬ್ಬರಿಗೂ ಹೇಳಿದರು. ಆ ಇಬ್ಬರು ಸ್ಟೀವ್ ಫರ್ಬರ್ ಮತ್ತು ಸೋಫಿ ವಿಲ್ಸನ್. ಸೋಮವಾರ ಶುರುವಾದ ಕೆಲಸದಲ್ಲಿ, ಬೆಸುಗೆಯಿಲ್ಲದೆ ತಂತಿಗಳನ್ನು ಕಡ್ಡಿಗಳಿಗೆ ಸುತ್ತಿ ಜೋಡಿಸುವ ಸೂಕ್ಷ್ಮ ಕೆಲಸವನ್ನು ರಾಮಾನುಜ ಬ್ಯಾನರ್ಜಿ ವಹಿಸಿಕೊಂಡರು. ಕಂಪ್ಯೂಟರಿನ ಇತಿಹಾಸ ಬರೆಯುವವರು ಈ ಹೆಸರನ್ನು ಇನ್ನೂ ಹೆಚ್ಚು ಗೌರವದಿಂದ ನೆನೆಯಬೇಕಿತ್ತು. ಶುಕ್ರವಾರ ಬೆಳಗಿನ ಜಾವದವರೆಗೂ ಯಂತ್ರ ಉಸಿರಾಡಲಿಲ್ಲ. ಪರೀಕ್ಷೆಗಾಗಿ ಅದನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ್ದ ತಂತಿಯನ್ನು ಕಿತ್ತುಹಾಕಿ ನೋಡೋಣವೆಂದು ಹೌಸರ್ ಸೂಚಿಸಿದ ಮೇಲೆ ಅದು ನಡೆಯತೊಡಗಿತು. ಬೆಳಿಗ್ಗೆ ಬಿಬಿಸಿಯವರು ಬರುವ ಹೊತ್ತಿಗೆ ತೋರಿಸಲು ಒಂದು ಯಂತ್ರವಿತ್ತು.

ಮಾರಾಟಕ್ಕೆ ಬಂದಾಗ 16 ಕಿಲೋಬೈಟಿನ ಮಾಡೆಲ್ ಎ ಬೆಲೆ 235 ಪೌಂಡ್, ಮಾಡೆಲ್ ಬಿ ಬೆಲೆ 335 ಪೌಂಡ್ ಇದ್ದು, ಬೇಗನೆ 299 ಮತ್ತು 399ಕ್ಕೆ ಏರಿತು. ಸರಣಿ 1982ರ ಜನವರಿಯಲ್ಲಿ ಪ್ರಸಾರವಾಗತೊಡಗಿತು. ಹನ್ನೆರಡು ಸಾವಿರ ಯಂತ್ರ ಹೋದರೆ ಸಾಕೆಂದು ಬಿಬಿಸಿ ಅಂದಾಜಿಸಿದ್ದ ಕಡೆ, ಮುಂದಿನ ವರ್ಷಗಳಲ್ಲಿ ಹದಿನೈದು ಲಕ್ಷದಷ್ಟು ಮಾರಾಟವಾದವು.

ಒಂದು ಮೆಮರಿ, ಇಬ್ಬರು ಒಡೆಯರು

ಈಗ ಮೊದಲಿನ ಒಗಟಿಗೆ ಮರಳಬಹುದು. ಯಂತ್ರದ ನಡುವಿನಲ್ಲಿರುವುದು 6502 ಎಂಬ ಪ್ರೊಸೆಸರ್. 1975ರಲ್ಲಿ ಅಮೆರಿಕದಲ್ಲಿ ಕೇವಲ 25 ಡಾಲರಿಗೆ ಬಂದ ಈ ಚಿಪ್ಪಿನೊಳಗೆ ಇರುವ ಟ್ರಾನ್ಸಿಸ್ಟರುಗಳು ಮೂರೂವರೆ ಸಾವಿರದ ಆಸುಪಾಸು. ಎಲ್ಲ ಪ್ರೊಸೆಸರುಗಳಂತೆ ಇದೂ ಒಂದು ಮಿಡಿತಕ್ಕೆ ಹೆಜ್ಜೆ ಹಾಕುತ್ತದೆ. ಬಿಬಿಸಿ ಮೈಕ್ರೋದಲ್ಲಿ ಆ ಮಿಡಿತ ಸೆಕೆಂಡಿಗೆ 20 ಲಕ್ಷ. ಪ್ರತಿ ಮಿಡಿತದ ಮೊದಲ ಅರ್ಧದಲ್ಲಿ 6502 ತನಗೆ ಮೆಮರಿಯ ಯಾವ ಕೋಣೆ ಬೇಕೆಂಬ ಸಂಖ್ಯೆಯನ್ನು ಹೊರಹಾಕಿ ಸಿದ್ಧಮಾಡಿಕೊಳ್ಳುತ್ತದೆ, ಎರಡನೆಯ ಅರ್ಧದಲ್ಲಿ ಮಾತ್ರ ಆ ಕೋಣೆಯಿಂದ ಬೈಟನ್ನು ತರುತ್ತದೆ ಅಥವಾ ಅಲ್ಲಿ ಇಡುತ್ತದೆ. ಅಂದರೆ ಪ್ರತಿ ಮಿಡಿತದ ಅರ್ಧ ಕಾಲ ಮೆಮರಿ ಖಾಲಿ ಕುಳಿತಿರುತ್ತದೆ.

ಮಗ್ಗದಲ್ಲಿ ಕಾಲಡಿಯ ಎರಡು ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯುವಾಗ, ಹಾಸಿನ ಒಂದು ಗುಂಪಿನ ಎಳೆಗಳು ಮೇಲೇಳುವ ಹೊತ್ತಿಗೆ ಇನ್ನೊಂದು ಗುಂಪು ಕೆಳಗಿಳಿದು ದಾರಿ ಬಿಡುತ್ತದೆ. ಒಂದೇ ಚೌಕಟ್ಟಿನಲ್ಲಿ ಎರಡೂ ಗುಂಪುಗಳು ಒಂದಕ್ಕೊಂದು ತೊಡರದೆ ಕೆಲಸ ಮಾಡುವುದು ಈ ಸರದಿಯಿಂದ. ಫರ್ಬರ್ ಅವರ ವಿನ್ಯಾಸ ಮಾಡಿದ್ದೂ ಇದನ್ನೇ. ಮಿಡಿತದ ಮೊದಲ ಅರ್ಧ ಪರದೆಯದು, ಎರಡನೆಯ ಅರ್ಧ ಪ್ರೊಸೆಸರಿನದು. ಮೆಮರಿಯನ್ನು ಸೆಕೆಂಡಿಗೆ 40 ಲಕ್ಷ ಸಲ ತೆರೆದರೆ 20 ಲಕ್ಷ ಸಲ ಚಿತ್ರಕ್ಕೆ, 20 ಲಕ್ಷ ಸಲ ಲೆಕ್ಕಕ್ಕೆ ಸಿಗುತ್ತದೆ. ಹಿಂದೆ ಹೇಳಿದ 40 ಭಾಗ ಕಾಲದಲ್ಲಿ 80 ಬೈಟು ಎಂಬ ಬೇಡಿಕೆ ಇಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಪೂರೈಸುತ್ತದೆ, ಮತ್ತು ಪ್ರೊಸೆಸರ್ ಒಂದು ಕ್ಷಣವೂ ಪರದೆಗಾಗಿ ನಿಲ್ಲುವುದಿಲ್ಲ. ಪರದೆಯೆಂಬುದು ಇದೆಯೆಂದೇ ಅದಕ್ಕೆ ತಿಳಿಯುವುದಿಲ್ಲ ಎಂದರೂ ಸರಿ.

ಈ ಸರದಿಯ ಉಪಾಯ ಆಕಾರ್ನಿನದೇ ಮೊದಲಲ್ಲ. ಅದೇ 6502 ಬಳಸಿ 1977ರಲ್ಲಿ ಬಂದ ಆಪಲ್ 2ರಲ್ಲಿ ಸ್ಟೀವ್ ವೋಜ್ನಿಯಾಕ್ ಇದನ್ನು ಸುಮಾರು ಅರ್ಧದಷ್ಟು ವೇಗದಲ್ಲಿ ಮಾಡಿ ತೋರಿಸಿದ್ದರು. ಆಕಾರ್ನಿನ ಹಿರಿಮೆ ವೇಗವನ್ನು ಇಮ್ಮಡಿಸಿದ್ದರಲ್ಲಿದೆ, ಮತ್ತು ಅದು ಸಣ್ಣ ಸಾಹಸವಾಗಿರಲಿಲ್ಲ. ಅಂದಿನ ಹೆಚ್ಚಿನ ಮೆಮರಿ ಚಿಪ್ಪುಗಳಿಗೆ ಸೆಕೆಂಡಿಗೆ 40 ಲಕ್ಷ ಸಲ ಬಾಗಿಲು ತೆರೆಯುವ ಶಕ್ತಿಯೇ ಇರಲಿಲ್ಲ. ಜಪಾನಿನ ಹಿಟಾಚಿ ಕಂಪನಿಯ ಚಿಪ್ಪುಗಳು ಆ ವೇಗಕ್ಕೆ ನಿಂತದ್ದರಿಂದ ಯೋಜನೆ ಉಳಿಯಿತು. ಒಂದೊಂದು ಚಿಪ್ಪಿನಲ್ಲಿ 16 ಸಾವಿರದಷ್ಟು ಬಿಟ್. ಅಂಥ 16 ಚಿಪ್ಪುಗಳ ಸಾಲು ಸೇರಿ 32 ಕಿಲೋಬೈಟ್. ಇದೇ ಕಾಲದ ಇನ್ನೊಂದು ಹೆಸರಾಂತ ಯಂತ್ರ, 1982ರ ಸಿಂಕ್ಲೇರ್ ಸ್ಪೆಕ್ಟ್ರಮ್, ಬೆಲೆಯಲ್ಲಿ ಇದರ ಅರ್ಧಕ್ಕಿಂತ ಕಡಿಮೆಯಾಗಿದ್ದು, ಅಲ್ಲಿ ಚಿತ್ರವಿರುವ ಮೆಮರಿಯನ್ನು ಪ್ರೊಸೆಸರ್ ಮುಟ್ಟಹೋದಾಗ ಪರದೆಯ ಕೆಲಸ ನಡೆದಿದ್ದರೆ ಪ್ರೊಸೆಸರನ್ನೇ ತಡೆದು ನಿಲ್ಲಿಸಲಾಗುತ್ತಿತ್ತು. ಅಗ್ಗದ ಯಂತ್ರಕ್ಕೆ ಅದು ನ್ಯಾಯವಾದ ರಾಜಿಯೇ, ಆದರೂ ಸರದಿಯ ಸೊಗಸು ಅದರಲ್ಲಿಲ್ಲ.

ಸರದಿಯಿಂದ ಇನ್ನೊಂದು ಲಾಭವೂ ತಾನಾಗಿ ಒದಗಿತು. ಈ ಬಗೆಯ ಮೆಮರಿ ಚಿಪ್ಪಿನಲ್ಲಿ ಒಂದೊಂದು ಬಿಟ್ಟೂ ಕಣದಷ್ಟು ವಿದ್ಯುದಾವೇಶವಾಗಿ ಉಳಿದಿರುತ್ತದೆ. ಅದು ಸೋರಿಹೋಗುವ ಗುಣದ್ದಾದ್ದರಿಂದ, ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗಗಳಿಗೊಮ್ಮೆ ಓದಿ ಮತ್ತೆ ತುಂಬದಿದ್ದರೆ ಬರೆದದ್ದೆಲ್ಲ ಮರೆತುಹೋಗುತ್ತದೆ. ಬೇರೆ ಯಂತ್ರಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಏರ್ಪಾಡು ಬೇಕಾಗುತ್ತಿತ್ತು. ಬಿಬಿಸಿ ಮೈಕ್ರೋದಲ್ಲಿ ಪರದೆಗಾಗಿ ಮೆಮರಿಯನ್ನು ಬಿಡುವಿಲ್ಲದೆ ಓದುತ್ತಿರುವುದರಿಂದ ಆ ಓದೇ ಮೆಮರಿಯನ್ನು ಜೀವಂತವಾಗಿ ಇಡುತ್ತಿತ್ತು.

ಇಷ್ಟು ಬಿಗಿಯಾಗಿ ಹೊಂದಿಸಿದ ಯಂತ್ರ ತಯಾರಿಕೆಯಲ್ಲಿ ಕಾಡದೆ ಬಿಡಲಿಲ್ಲ. ಪರದೆಯ ಬೈಟುಗಳನ್ನು ಬಣ್ಣದ ಚುಕ್ಕಿಗಳಾಗಿ ಬದಲಿಸುವ ಫೆರಾಂಟಿ ಕಂಪನಿಯ ಚಿಪ್ಪು ಮೊದಮೊದಲು ವಿಪರೀತ ಕಾಯುತ್ತಿದ್ದುದರಿಂದ ಅದರ ತಲೆಯ ಮೇಲೆ ಶಾಖ ಹೀರುವ ಲೋಹದ ತುಂಡನ್ನು ಕೂರಿಸಬೇಕಾಯಿತು, ಯಂತ್ರಗಳ ಪೂರೈಕೆ ತಿಂಗಳುಗಟ್ಟಲೆ ತಡವಾಯಿತು. ಇನ್ನೊಂದು ತೊಡಕು ಇನ್ನೂ ವಿಚಿತ್ರವಾದದ್ದು. ಮಾದರಿ ಯಂತ್ರದ ಬೋರ್ಡಿನ ಒಂದು ಜಾಗದ ಮೇಲೆ ಎಂಜಿನಿಯರೊಬ್ಬರು ಬೆರಳಿಟ್ಟರೆ ಮಾತ್ರ ಅದು ಸರಿಯಾಗಿ ನಡೆಯುತ್ತಿತ್ತು. ಕೊನೆಗೆ ಬೈಟುಗಳು ಓಡಾಡುವ ದಾರಿಗೆ ಅಡ್ಡಲಾಗಿ ರೆಸಿಸ್ಟರುಗಳ ಒಂದು ಸಣ್ಣ ಕಟ್ಟನ್ನು ಹಾಕಿದಾಗ ದೋಷ ನಿಂತಿತು. ಅದಕ್ಕೆ ‘ಎಂಜಿನಿಯರಿನ ಬೆರಳು’ ಎಂಬ ಹೆಸರೇ ಬಿದ್ದಿತು. ಅದು ಯಾಕೆ ಬೇಕಾಯಿತೆಂಬುದು ಕಟ್ಟಿದವರಿಗೂ ಪೂರ್ತಿ ಬಗೆಹರಿಯಲಿಲ್ಲವೆಂದು ಫರ್ಬರ್ ಮುಂದೆ ಹೇಳಿಕೊಂಡಿದ್ದಾರೆ.

ಈ ಯಂತ್ರದಿಂದ ಆಕಾರ್ನಿನವರು ಕಲಿತ ಪಾಠ ಬಹುದೂರ ಹೋಯಿತು. ಕಂಪ್ಯೂಟರಿನ ನಿಜವಾದ ವೇಗ ಪ್ರೊಸೆಸರಿನ ಜಾಣತನಕ್ಕಿಂತ ಹೆಚ್ಚಾಗಿ ಮೆಮರಿಯಿಂದ ಎಷ್ಟು ಬೈಟು ಎಳೆದುಕೊಳ್ಳಬಲ್ಲದು ಎಂಬುದರ ಮೇಲೆ ನಿಂತಿದೆ ಎಂದು ಅವರಿಗೆ ಮನವರಿಕೆಯಾಗಿತ್ತು. ಮಾರುಕಟ್ಟೆಯ ಹೊಸ ಪ್ರೊಸೆಸರುಗಳು ಇರುವ ಮೆಮರಿಯ ವೇಗವನ್ನೂ ಪೂರ್ತಿ ಬಳಸದೆ ಇದ್ದುದನ್ನು ಕಂಡು, ವಿಲ್ಸನ್ ಮತ್ತು ಫರ್ಬರ್ ತಮ್ಮದೇ ಸರಳ ಪ್ರೊಸೆಸರನ್ನು ರೂಪಿಸಿದರು. 1985ರ ಏಪ್ರಿಲ್ 26ರಂದು ಕೈಸೇರಿದ ಆ ಮೊದಲ ಚಿಪ್ಪನ್ನು ನಡೆಸಿ ನೋಡಿದ್ದೂ ಒಂದು ಬಿಬಿಸಿ ಮೈಕ್ರೋಗೆ ಜೋಡಿಸಿಯೇ. ಅದರ ಹೆಸರು ಆರ್ಮ್. ಇಂದಿನ ಬಹುಪಾಲು ಮೊಬೈಲ್ ಫೋನುಗಳ ಪ್ರೊಸೆಸರುಗಳು ಆ ವಂಶಕ್ಕೆ ಸೇರಿದವು.

ಒಂದೇ ಕಿಲೋಬೈಟಿನ ಪರದೆ

ಸಮಯದ ಪ್ರಶ್ನೆ ಹೀಗೆ ಬಗೆಹರಿದರೂ ಜಾಗದ ಪ್ರಶ್ನೆ ಉಳಿಯುತ್ತದೆ. ಅದಕ್ಕಾಗಿ ಈ ಯಂತ್ರದಲ್ಲಿ ‘ಮೋಡ್’ ಎಂದು ಕರೆಯುವ ಎಂಟು ಬಗೆಯ ಪರದೆಗಳಿದ್ದವು. ಹೆಚ್ಚು ಚುಕ್ಕಿ ಬೇಕೆಂದರೆ ಬಣ್ಣ ಕಡಿಮೆ, ಬಣ್ಣ ಹೆಚ್ಚು ಬೇಕೆಂದರೆ ಚುಕ್ಕಿ ದಪ್ಪ, ಎರಡನ್ನೂ ಬಿಟ್ಟುಕೊಟ್ಟರೆ ಪ್ರೋಗ್ರಾಮಿಗೆ ಹೆಚ್ಚು ಜಾಗ. ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬೆನ್ 1984ರಲ್ಲಿ ತಂದ ‘ಎಲೀಟ್’ ಎಂಬ ಆಟದಲ್ಲಿ, ಕಿರಣ ಪರದೆಯ ಮೇಲ್ಭಾಗವನ್ನು ಮುಗಿಸಿ ಕೆಳಕ್ಕಿಳಿಯುವ ಹೊತ್ತಿಗೆ ಸರಿಯಾಗಿ ಮೋಡನ್ನೇ ಬದಲಿಸಿಬಿಡುತ್ತಿದ್ದರು. ಮೇಲೆ ಸಣ್ಣ ಚುಕ್ಕಿಗಳ ಕಪ್ಪು ಬಿಳುಪು ಆಕಾಶ, ಕೆಳಗೆ ಬಣ್ಣದ ಮಾಪಕಗಳ ಫಲಕ. ಸೆಕೆಂಡಿಗೆ 50 ಸಲ ನಡೆಯುವ ಈ ಬದಲಾವಣೆಯನ್ನು, ಚಿತ್ರ ಗೆರೆಗೆರೆಯಾಗಿ ನೇಯ್ಗೆಯಾಗುತ್ತದೆಂಬುದನ್ನು ಚೆನ್ನಾಗಿ ಬಲ್ಲವರಷ್ಟೇ ಯೋಚಿಸಬಲ್ಲರು.

ಎಂಟರಲ್ಲಿ ಕೊನೆಯದಾದ ಮೋಡ್ 7 ಉಳಿದವುಗಳಿಂದ ಬುಡದಲ್ಲೇ ಬೇರೆ. ಅಡ್ಡಕ್ಕೆ 40, ಸಾಲು 25, ಒಟ್ಟು ಒಂದು ಸಾವಿರ ಅಕ್ಷರಗಳ ಬಣ್ಣದ ಪರದೆಗೆ ಅಲ್ಲಿ ತಗಲುವ ಮೆಮರಿ ಒಂದೇ ಕಿಲೋಬೈಟ್. ಇದು ಸಾಧ್ಯವಾದದ್ದು, ಮೆಮರಿಯಲ್ಲಿ ಅಕ್ಷರದ ಚುಕ್ಕಿಗಳನ್ನು ಇಡುವ ಬದಲು ಅಕ್ಷರದ ಸಂಖ್ಯೆಯನ್ನಷ್ಟೇ ಇಟ್ಟದ್ದರಿಂದ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65 ಎಂಬ ಸಂಖ್ಯೆ ಸಾಕು. ಮಲ್ಲಾರ್ಡ್ ಕಂಪನಿಯ ಎಸ್‌ಎಎ 5050 ಎಂಬ ಚಿಪ್ಪು ಆ ಸಂಖ್ಯೆಯನ್ನು ಓದಿ, ತನ್ನೊಳಗೆ ಅಚ್ಚೊತ್ತಿಕೊಂಡಿರುವ ಅಕ್ಷರದ ಆಕಾರವನ್ನು ಕಿರಣ ಹಾಯುವ ಹೊತ್ತಿನಲ್ಲೇ ಮೂಡಿಸುತ್ತದೆ. ಚಿತ್ರ ಎಂಬುದು ಮೆಮರಿಯಲ್ಲಿ ಎಲ್ಲಿಯೂ ಇರುವುದೇ ಇಲ್ಲ. ಇರುವುದು ಸಂಕೇತ ಮಾತ್ರ, ಆಕಾರ ಕೊಡುವ ಹೊಣೆ ಬೇರೆಯವರದು.

ಭಾರತದಲ್ಲಿ ಯೂನಿಕಾರ್ನ್

ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ 1984ರಲ್ಲಿ ‘ಕ್ಲಾಸ್’ ಎಂಬ ಚಿಕ್ಕ ಹೆಸರಿನ ಶಾಲಾ ಕಂಪ್ಯೂಟರ್ ಯೋಜನೆಯನ್ನು ಸುಮಾರು 250 ಶಾಲೆಗಳಲ್ಲಿ ಪ್ರಯೋಗವಾಗಿ ಆರಂಭಿಸಿದಾಗ ಆರಿಸಿಕೊಂಡದ್ದು ಈ ಯಂತ್ರವನ್ನೇ. ಚಂಡೀಗಢದ ಪಕ್ಕದ ಮೊಹಾಲಿಯಲ್ಲಿದ್ದ ಸರ್ಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್, ಆಕಾರ್ನಿನ ಜೊತೆಗೂಡಿ ಇದನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಹೊರತಂದಿತು. ಹೋಪ್ ಕಂಪ್ಯೂಟರ್ಸ್ ಎಂಬ ಕಂಪನಿ ಇದರದೇ ನಕಲಾದ ‘ಡಾಲ್ಫಿನ್’ ಎಂಬ ಯಂತ್ರವನ್ನು ಮಾಡಿತು. ಮೂಲ ಯಂತ್ರದ ಮೇಲಂಚಿನ ಕೆಂಪು ಕೀಲಿಗಳು ಅದರಲ್ಲಿ ನೀಲಿಯಾಗಿದ್ದವು.

ಬ್ರಿಟನ್ನಿನ ಯಂತ್ರ ಇಲ್ಲಿಗೆ ಒಗ್ಗಿದ್ದಕ್ಕೆ ತಾಂತ್ರಿಕ ಕಾರಣವೂ ಇತ್ತು. ಭಾರತದ ಟೆಲಿವಿಷನ್ನೂ ಆಗ ಬ್ರಿಟನ್ನಿನಂತೆಯೇ 625 ಗೆರೆಗಳದಾಗಿತ್ತು, ಸೆಕೆಂಡಿಗೆ 50 ಸಲ ನೇಯುವಂಥದಾಗಿತ್ತು. 1982ರ ಆಗಸ್ಟ್ 15ರಿಂದ ದೂರದರ್ಶನದ ರಾಷ್ಟ್ರೀಯ ಪ್ರಸಾರಕ್ಕೆ ಬಣ್ಣ ಬಂದಾಗ ಅಳವಡಿಸಿಕೊಂಡ ಬಣ್ಣದ ಪದ್ಧತಿಯೂ ಅದೇ ‘ಪಾಲ್’. 525 ಗೆರೆ, 60 ಸಲದ ಅಮೆರಿಕದ ಲೆಕ್ಕಕ್ಕೆ ಕಟ್ಟಿದ ಯಂತ್ರವಾಗಿದ್ದರೆ ಮಿಡಿತದಿಂದ ಹಿಡಿದು ಎಲ್ಲವನ್ನೂ ಹೊಂದಿಸಬೇಕಾಗುತ್ತಿತ್ತು.

ಇಲ್ಲಿ ಅಮೀನಗಡದ ಸೀಮೆಯ ಒಂದು ಸಂಗತಿಯನ್ನು ನೆನೆಯುವುದು ಅಗತ್ಯ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಅಮೀನಗಡವಿರುವ ಹುನಗುಂದ ತಾಲೂಕು ಅವಿಭಜಿತ ವಿಜಯಪುರ ಜಿಲ್ಲೆಯ ಭಾಗವಾಗಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಪಾಠ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ, ಕರ್ನಾಟಕದಿಂದ ಆಯ್ಕೆಯಾಗಿದ್ದು ರಾಯಚೂರು, ಕಲಬುರಗಿ ಮತ್ತು ಈ ವಿಜಯಪುರ ಜಿಲ್ಲೆಗಳ ಹಳ್ಳಿಗಳು. ನಗರಗಳ ಎಷ್ಟೋ ಮನೆಗಳಲ್ಲಿ ಟೆಲಿವಿಷನ್ನೇ ಇಲ್ಲದ ಕಾಲದಲ್ಲಿ ಈ ಜಿಲ್ಲೆಯ ಹಳ್ಳಿಯ ಜನ ಊರ ನಡುವಿನ ಪರದೆಯ ಮುಂದೆ ಕುಳಿತು ಕನ್ನಡದಲ್ಲೇ ಕಾರ್ಯಕ್ರಮ ನೋಡಿದರು. ಅದಾಗಿ ಒಂಬತ್ತು ವರ್ಷಕ್ಕೆ ಬಂದ ಶಾಲಾ ಕಂಪ್ಯೂಟರಿನ ಕೀಲಿಗಳ ಮೇಲೆ ಕನ್ನಡವಿರಲಿಲ್ಲ, ಅದರ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯ ಆಜ್ಞೆಗಳಲ್ಲಿಯೂ ಇರಲಿಲ್ಲ. ಹಳ್ಳಿಯ ಮಗು ಯಂತ್ರವನ್ನು ಕಲಿಯುವ ಮುನ್ನ ಇಂಗ್ಲಿಷಿನ ಹೊಸ್ತಿಲು ದಾಟಬೇಕಾಯಿತು. ಸೈಟ್ ಪ್ರಯೋಗ ತೋರಿದ್ದ ದಾರಿಯನ್ನು ಕ್ಲಾಸ್ ಯೋಜನೆ ಹಿಡಿಯಲಿಲ್ಲವೆಂದೇ ಹೇಳಬೇಕು. ಆ ನಷ್ಟ ಚಿಕ್ಕದಲ್ಲ.

ಎಂಟು ಮನೆ, ಎಂಟು ಸಾಲು

ಹಾಗೆಂದು ಯಂತ್ರಕ್ಕೆ ಕನ್ನಡದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೋಡ್ 7 ಬಿಟ್ಟು ಉಳಿದ ಮೋಡುಗಳಲ್ಲಿ ಪ್ರತಿ ಅಕ್ಷರವೂ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಮನೆಗಳ ಚೌಕದಲ್ಲಿ ಮೂಡುತ್ತಿತ್ತು, ಮತ್ತು ಬಳಸುವವರು ತಮ್ಮದೇ ಆಕಾರವನ್ನು ಬರೆದುಕೊಳ್ಳಲು ‘ವಿಡಿಯು 23’ ಎಂಬ ಆಜ್ಞೆ ಇತ್ತು. ಎಂಟು ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕಟ್ಟಿ, ಬೆಳಗಬೇಕಾದ ಮನೆಗಳ ಬೆಲೆಯನ್ನು ಸಾಲಿಗೊಮ್ಮೆ ಕೂಡಿದರೆ ಆ ಸಾಲಿನ ಸಂಖ್ಯೆ ಸಿಗುತ್ತದೆ. ಕನ್ನಡದ ಸೊನ್ನೆಯನ್ನು ಮೂಡಿಸಬೇಕೆಂದರೆ ಮೇಲಿನ ಸಾಲಿನಲ್ಲಿ ನಡುವಿನ ನಾಲ್ಕು ಮನೆ ಬೆಳಗಬೇಕು, ಅಂದರೆ 60. ಎರಡನೆಯದರಲ್ಲಿ ಅಂಚಿನಿಂದ ಒಂದೊಂದು ಒಳಗಿನ ಮನೆ, 66. ನಡುವಿನ ನಾಲ್ಕು ಸಾಲುಗಳಲ್ಲಿ ಎರಡೂ ತುದಿಯ ಮನೆ, 129. ಮತ್ತೆ 66, ಮತ್ತೆ 60. ಈ ಎಂಟು ಸಂಖ್ಯೆಗಳನ್ನು ಕೀಲಿಯಲ್ಲಿ ಒತ್ತಿದರೆ ದುಂಡನೆಯ ಸೊನ್ನೆ ಪರದೆಯ ಮೇಲಿರುತ್ತದೆ.

ಸೊನ್ನೆಗೆ ಒದಗಿದ ಈ ಚೌಕ ಕಾಗುಣಿತದ ಬಳ್ಳಿಗೆ ಸಾಲದು. ‘ಅಮೀನಗಡ’ದ ‘ಮೀ’ ಒಂದೇ ತನ್ನ ದೀರ್ಘದ ಚಿಹ್ನೆಯನ್ನು ಚಾಚಲು ಎರಡು ಚೌಕ ಬೇಡುತ್ತದೆ. ‘ಇಳಕಲ್ಲ’ದ ಕೊನೆಯ ‘ಲ್ಲ’ ಬರೆಯಲು ಒತ್ತಕ್ಷರಕ್ಕೆ ಕೆಳಗೊಂದು ಚೌಕವನ್ನು ತೆರಪಾಗಿ ಇಡಬೇಕು. ಕನ್ನಡದ 34 ವ್ಯಂಜನಗಳ ಕಾಗುಣಿತವೊಂದೇ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ. ಯಂತ್ರ ಸಹಜವಾಗಿ ಬಿಟ್ಟುಕೊಡುತ್ತಿದ್ದುದು 32 ಆಕಾರಗಳಿಗೆ ಜಾಗ. ಹೆಚ್ಚು ಬೇಕೆಂದರೆ ಆ ಎಂಟೂವರೆ ಕಿಲೋಬೈಟಿನಂಥ ಇಕ್ಕಟ್ಟಿನಿಂದಲೇ ಕಿತ್ತುಕೊಳ್ಳಬೇಕು. ಅಕ್ಷರದ ಒಂದೊಂದು ರೂಪಕ್ಕೂ ಒಂದೊಂದು ಮನೆ ಕೊಡುವ ದಾರಿಯಲ್ಲಿ ಹೋದರೆ ಯಾವ ಸಣ್ಣ ಯಂತ್ರವೂ ಕನ್ನಡವನ್ನು ಹೊರಲಾರದು.

ಪರಿಹಾರ ಕಂಡದ್ದು ಇನ್ನೊಂದು ದಾರಿಯಲ್ಲಿ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಕೆಲಸದಿಂದ ಬಂದ ‘ಜಿಸ್ಟ್’ ಕಾರ್ಡ್, ಭಾರತೀಯ ಭಾಷೆಗಳ ಮೂಲ ಅಕ್ಷರಗಳಿಗೆ ಮತ್ತು ಸ್ವರಚಿಹ್ನೆಗಳಿಗೆ ಮಾತ್ರ ಸಂಕೇತ ಕೊಟ್ಟು, ಅವು ಕೂಡಿದಾಗ ಆಗುವ ಆಕಾರವನ್ನು ಪರದೆಗೆ ಕಳಿಸುವ ಹೊತ್ತಿನಲ್ಲಿ ತಾನೇ ಕಟ್ಟುತ್ತಿತ್ತು. ಈ ಸಂಕೇತಗಳ ಪಟ್ಟಿ 1991ರಲ್ಲಿ ‘ಇಸ್ಕಿ’ ಎಂಬ ರಾಷ್ಟ್ರೀಯ ಮಾನಕವಾಯಿತು, ಯುನಿಕೋಡಿನಲ್ಲಿ ಕನ್ನಡ ಅಕ್ಷರಗಳ ಜೋಡಣೆಗೂ ಇದರ ಹಿಂದಿನ ಆವೃತ್ತಿಯೇ ಆಧಾರವಾಯಿತು. ಸಂಕೇತ ಮೆಮರಿಯಲ್ಲಿ, ಆಕಾರ ಬೇರೆಡೆ ಎಂಬ ಈ ಹಂಚಿಕೆ ಮೋಡ್ 7ರಲ್ಲಿ ಇದ್ದದ್ದೇ. ಅದರ ಚಿಪ್ಪು ಒಂದು ಸಂಕೇತಕ್ಕೆ ಒಂದು ಆಕಾರವನ್ನಷ್ಟೇ ಬಲ್ಲದಾಗಿತ್ತು, ಕನ್ನಡಕ್ಕೆ ಅಕ್ಕಪಕ್ಕದ ಸಂಕೇತಗಳನ್ನೂ ನೋಡಿ ಆಕಾರ ನಿರ್ಧರಿಸುವ ಜಾಣ್ಮೆ ಬೇಕಾಯಿತು. ಈಗ ‘ಇಳಕಲ್ಲ’ ಎಂದು ಒತ್ತಿದಾಗ ಮೆಮರಿಗೆ ಹೋಗುವುದು ಇ, ಳ, ಕ, ಲ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಲ ಎಂಬ ಆರು ಸಂಕೇತ. ಎರಡನೆಯ ‘ಲ’ವನ್ನು ಒತ್ತಾಗಿಸಿ ಮೊದಲನೆಯದರ ಕೆಳಗೆ ಕೂರಿಸುವ ಕೆಲಸ ಫಾಂಟಿನದು.